ಸಹಿಯ ಕಾಲಂ

ಜೂನ್ ೨, ಬೆಳಿಗ್ಗೆ

ತಮ್ಮಾ, ನೀನು, ನಿನ್ನಾಕೆ, ಕಿರಿಮಗಳು — ಎಲ್ಲರೂ ಕ್ಷೇಮವೇ?... ಛೆ. ಪೆನ್ನು ಹಿಡಿದರೆ ಕಾಗದದ ಚಾಳಿಯೇ ಬರುತ್ತದೆ. ಅವನಿಗೆ ಬರೆದು ಹತ್ತೊಂಬತ್ತು ವರ್ಷ.

ಇದು ನಿದ್ದೆಯ ಪುಸ್ತಕ. ಡಾಕ್ಟರಮ್ಮನ ಅಪ್ಪಣೆ: ಮಲಗಿದ್ದು, ಎದ್ದದ್ದು, ಷರಾ. ಮಧ್ಯಾಹ್ನದ ಮೇಲೆ ಕಾಫಿ ಬಂದ್. ಹಗಲು ಮಲಗಕೂಡದು. ಗಡಿಯಾರ ಗೋಡೆಗೆ ಮುಖ ಮಾಡಿರಬೇಕು. ಇಪ್ಪತ್ತು ನಿಮಿಷ ಹೊರಳಾಡಿದರೆ ಎದ್ದು ಕುರ್ಚಿಯಲ್ಲಿ ಕೂರಬೇಕು.

"ನಿದ್ದೆಗೂ ರಿಜಿಸ್ಟರಾ? ನೀವು ಗಿರಣಿ ಬಿಟ್ರೂ ಗಿರಣಿ ನಿಮ್ಮನ್ನ ಬಿಡಲಿಲ್ಲ ನೋಡಿ," ಎಂದಳು ಇವಳು.

ಜೂನ್ ೯

ಪುಸ್ತಕ ನೋಡಿ ಡಾಕ್ಟರಮ್ಮ ನಕ್ಕರು. "ಏಳು ದಿನಾನೂ ಆರೇ ಗಂಟೆ! ಅಜ್ಜಾ, ಒಂದೇ ಸಲ ಕೂತು ತುಂಬಿಸಿದ್ರಾ?"

ಹೌದು. ಬಾಯ್ಲರ್ ಮನೆಯಲ್ಲಿ ಕಲಿತ ವಿದ್ಯೆ. ಪಾಳಿ ಶುರುವಾಗುತ್ತಲೇ ಬೆಳಗಿನವರೆಗಿನ ಒತ್ತಡದ ಅಂಕಿಗಳನ್ನೆಲ್ಲ ಬರೆದಿಟ್ಟು ಗೋಣಿಚೀಲದ ಮೇಲೆ ಒರಗುತ್ತಿದ್ದೆ. ಏನು ನಿದ್ದೆ ಆಗ!

"ಮನಸ್ಸನ್ನ ಕೊರೀತಿರೋದನ್ನ ಸಂಜೆನೇ ಬರೆದು ಮುಚ್ಚಿಡಿ" ಅಂದರು. ಅಂಥದ್ದೇನೂ ಇಲ್ಲ ಅಂದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ... ನನಗೆ ಹತ್ತಿಯ ಹಾಸಿಗೆಯಲ್ಲೂ ಇಲ್ಲ.

ಜೂನ್ ೧೦

ನಿದ್ದೆ ಎರಡು ಗಂಟೆ. ನಿಜದ ಲೆಕ್ಕ.

ಜೂನ್ ೨೩, ಸಂಜೆ

ಷರಾ: ತಮ್ಮಾ, ಆಗ ಗಿರಣಿಯಲ್ಲಿ ನಾವಿಬ್ಬರೂ ಒಂದೇ ಪಾಳಿ. ಆ ರಾತ್ರಿ ಮೂರಕ್ಕೆ ಬಾಯ್ಲರಿನ ಒತ್ತಡದ ಮುಳ್ಳು ಕೆಂಪಿಗೇರಿತು. ನಾನು ಗೊರಕೆಯಲ್ಲಿದ್ದೆ. ನೀನು ಓಡಿಬಂದು ವಾಲ್ವ್ ತಿರುಗಿಸಿದೆ. ಹಬೆ ನಿನ್ನ ಬಲಗೈ ಸುಟ್ಟಿತು.

ರಿಜಿಸ್ಟರಿನಲ್ಲಿ ಬೆಳಗಿನ ಆರರವರೆಗೂ ಅಂಕಿ ತುಂಬಿತ್ತು. ಸಹಿಯ ಕಾಲಂ ಮಾತ್ರ ಖಾಲಿ. ಸಾಹೇಬರು ಬರುವ ಮೊದಲು ಅಲ್ಲಿ ನಿನ್ನ ಸಹಿ ಹಾಕಿದೆ. ಸುಳ್ಳು ಅಂಕಿ ಬರೆದವನು ನೀನೇ ಎಂದಾಗಿ ನಿನಗೆ ಕೆಲಸ ಹೋಯಿತು. ನನಗೆ ಮರುವರ್ಷ ಬಡ್ತಿ!

ನೀನು ನನ್ನ ಹೆಸರೆತ್ತಲಿಲ್ಲ. ಆಸ್ಪತ್ರೆಯಲ್ಲಿ ಒಂದೇ ಮಾತು: "ಅಣ್ಣಾ, ನಿದ್ದೆ ಚೆನ್ನಾಗಿ ಬಂತಾ?"

ಇಲ್ಲಪ್ಪ. ಅಂದಿನಿಂದ ಬಂದಿಲ್ಲ.

ಜೂನ್ ೨೪, ಬೆಳಿಗ್ಗೆ

ಬರೆದು ಮುಚ್ಚಿಟ್ಟರೆ ನಿದ್ದೆ ಬರುತ್ತದಂತೆ. ಬರಲಿಲ್ಲ. ಮುಚ್ಚಿಟ್ಟೇ ಹತ್ತೊಂಬತ್ತು ವರ್ಷವಾಯಿತಲ್ಲ!

ಇವಳು ಲಕೋಟೆ ತಂದಿಟ್ಟಿದ್ದಾಳೆ. ಈ ಪುಸ್ತಕ ಓದಿರಬೇಕು. ಈ ಹಾಳೆ ಹರಿದು ಅದಕ್ಕೇ ಹಾಕುತ್ತೇನೆ. ಕೆಳಗೆ ಸಹಿ ನನ್ನದೇ, ನೋಡಿಕೋ. ಬೈದಾದರೂ ಸರಿ, ಬೇಗ ಎರಡು ಗೆರೆ ಬರೆ. ಬಲಗೈ ಬಗ್ಗದಿದ್ದರೆ ಮಗಳ ಕೈಲಿ—