ಗಾದಿಯ ಮೇಲೆ ಕೂತ ಹುಡುಗಿ

ಜನವರಿ 9, ಶುಕ್ರವಾರ. ಬೆಳಿಗ್ಗೆ

ಇವತ್ತೂ ಮಂಚ ಬಿಟ್ಟು ಚಾಪೆ ಮೇಲೆ ಮಲಗಿದ್ದರು ಅತ್ತೆ. ತೊಂಬತ್ತೊಂದು ವರ್ಷದ ಮೂಳೆ. ಮಗ ಆತಿಫ್ ತಂದ ಹೊಸ ಗಾದಿ — ಕೈ ಒತ್ತಿದರೆ ಅಚ್ಚು ಉಳಿಯುತ್ತದಲ್ಲ, ಅಂಥದ್ದು — ತಿಂಗಳಾಯಿತು, ಬೆಡ್‌ಶೀಟ್ ಕೂಡ ಸುಕ್ಕಾಗಿಲ್ಲ. ಬೈದೆ.

"ಪಿಂಜಾರರು ಗಾದಿ ಹೊಲಿಯಾಕ ಹುಟ್ಟಿದವ್ರವಾ ನಜೀರಾ, ಮಲಗಾಕ ಅಲ್ಲ."

ನಾನು ಸೊಸೆಯಾಗಿ ಬಂದ ದಿನದಿಂದ ಇದೇ ಉತ್ತರ. ಚಹಾಕ್ಕೆ ಇಟ್ಟೆ.

ಮೊಮ್ಮಗಳು ಸನಾಗೆ ಸ್ಕೂಲ್ ರಜೆ. ಲೈಬ್ರರಿಯವರು ಯುದ್ಧಕಾಲದ ಮನೆಕಥೆ ಸೇರಿಸುತ್ತಿದ್ದಾರಂತೆ. ಪದಕ ಪಡೆದವರದಲ್ಲ, ನಮ್ಮಂಥವರದು. ಫೆಬ್ರವರಿ ಐದು ಲಾಸ್ಟ್ ಡೇಟ್. "ಮುತ್ತಜ್ಜೀಸ್ ಸ್ಟೋರಿ, ಅಜ್ಜಿ! ದ ಮ್ಯಾಟ್ರೆಸ್ ಒನ್!" ಅಂತ ಬೆನ್ನು ಬಿದ್ದಿದ್ದಾಳೆ.

ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾದ ಕಥೆ. ಆದರೂ ಒಮ್ಮೆ ಬರೆದಿಡುತ್ತೇನೆ. ಅತ್ತೆಯ ಅಪ್ಪ ರಾಣೆಬೆನ್ನೂರಿನಿಂದ ಪೋರ್ಟ್ ಬ್ಲೇರ್‌ಗೆ ಹೋದವರು, ಆಸ್ಪತ್ರೆಗೆ ಗಾದಿ ಹೊಲಿಯಲು. ಅಂಡಮಾನ್ ಜಪಾನಿಯರ ಕೈಗೆ ಹೋದ ಮೇಲೆ ಅಪ್ಪನನ್ನು ಬಿಟ್ಟಿ ಕೆಲಸಕ್ಕೆ ಎಳೆದುಕೊಂಡು ಹೋದರು. ಶಾಲೆಯ ನರಸಿಂಹ ಮಾಸ್ತರನ್ನು ಗೂಢಚಾರ ಅಂತ ಹುಡುಕತೊಡಗಿದರು. ಅತ್ತೆಯ ಅವ್ವ ಚಾಂದಬಿ ಮಾಸ್ತರನ್ನು ಗಾದಿಯೊಳಗೆ ಮಲಗಿಸಿ, ಸುತ್ತ ಹತ್ತಿ ತುಂಬಿ, ಹೊಲಿದೇ ಬಿಟ್ಟಳು. ಮೇಲೆ ಒಂಬತ್ತು ವರ್ಷದ ಮಗಳು ಹಾಜರಾಳನ್ನು, ಅಂದರೆ ನಮ್ಮ ಅತ್ತೆಯನ್ನು, ಕೂರಿಸಿದಳು. ಮಾಸ್ತರಿಗೆ ಕೆಮ್ಮು. ಅದು ಕೇಳದಿರಲಿ ಅಂತ, ಹೆಂಗಸರು ಮುಟ್ಟದ ಹತ್ತಿ ಹಿಂಜುವ ಬಿಲ್ಲು ಹಿಡಿದು ಬಾರಿಸುತ್ತಲೇ ಕೂತಳು. ಸೈನಿಕರು ಹೋದರು, ಮಾಸ್ತರು ಬದುಕಿದರು.

ಜನವರಿ 12

ರೆಕಾರ್ಡಿಂಗ್ ಮಣ್ಣುಪಾಲು. ಸನಾ ಫೋನ್ ಹಿಡಿದು ಎದುರಿಗೆ ಕೂತಳು. ಅತ್ತೆ ಫೋನನ್ನೇ ನೋಡಿದರು. "ಏನ್ ಹೇಳ್ಲಿ? ಎಲ್ಲಾ ಮರ್ತೈತಿ." ಆಮೇಲೆ, ಊಟ ಆತಾ ಅಂತ ಫೋನನ್ನೇ ವಿಚಾರಿಸಿದರು.

ಸಿಟ್ಟು ಬಂತು. ಪಾತ್ರೆ ತೊಳೆಯುವಾಗ ಹೊಳೆಯಿತು. ಅತ್ತೆ ಈ ಕಥೆಯನ್ನು ಸುಮ್ಮನೆ ಕೂತು ಯಾವತ್ತೂ ಹೇಳಿದವರಲ್ಲ. ವರ್ಷಕ್ಕೊಂದೇ ಸಲ — ಶಬ್-ಎ-ಬರಾತ್ ದಿನ ಸತ್ತವರಿಗೆ ಫಾತಿಹಾ ಓದಿಸುವಾಗ. ಅವರವರಿಗೆ ಇಷ್ಟವಾದ ಅಡಿಗೆ ಇಟ್ಟು, ಒಬ್ಬೊಬ್ಬರ ಹೆಸರು ಹೇಳಿ. ಕೊನೆಗೆ ಒಂದು ತಟ್ಟೆ, ಬರೀ ಬೇಯಿಸಿದ ಮರಗೆಣಸು. "ಇದು ಮಾಸ್ತರದು" ಅನ್ನುತ್ತಿದ್ದರು. ಅಲ್ಲಿಂದ ಕಥೆ.

ಊರು ಬಿಟ್ಟು ಮಗನಿರುವ ಈ ದೇಶಕ್ಕೆ ಬಂದ ಮೇಲೆ ಅದು ನಿಂತಿತು. ಫಾತಿಹಾ ಓದಿಸುವುದು ಸರಿಯಲ್ಲ, ಧರ್ಮದಲ್ಲಿಲ್ಲ ಅಂದ ಆತಿಫ್. ಒರಟಾಗಿ ಅಲ್ಲ, ಮೆತ್ತಗೇ ಅಂದ. ನಾನು ಬಾಯಿ ಬಿಡಲಿಲ್ಲ. ಮಗನ ಮನೆ, ಮಗನ ಮಾತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಬಾಯಿ ಇದು, ಮನೆಯಲ್ಲಿ ಮಾತ್ರ ಹೇಡಿ. ಆರು ವರ್ಷ ಆ ಹೆಸರುಗಳನ್ನು ಯಾರೂ ಹೇಳಿಲ್ಲ. ಅತ್ತೆಗೆ ಮರೆಯದೆ ಏನಾದೀತು?

ಜನವರಿ 18, ಸಂಜೆ

ಅತ್ತೆಯನ್ನು ವೀಲ್‌ಚೇರಿನಲ್ಲಿ ಪಾರ್ಕಿಗೆ ಕರೆದೊಯ್ದೆ. ಅದ್ಯಾವುದೋ ಮುಳ್ಳುಗಿಡ, ಒಣಗಿದ ಹೂವಿನಿಂದ ಹತ್ತಿಯಂಥದ್ದು ಹಾರುತ್ತಿತ್ತು. ಗಾಳಿಯೇ ಇಲ್ಲ, ಆದರೂ ಹಾರುತ್ತಿತ್ತು. ಬಿಸಿಲು ಇಳಿಯಲೊಲ್ಲದು, ಇಲ್ಲಿ ಜನವರಿಯಲ್ಲೇ ಬೇಸಿಗೆ. ಕೆರೆಯ ಮೇಲೆ, ಬಾತುಕೋಳಿಯ ಬೆನ್ನ ಮೇಲೆ, ಅತ್ತೆಯ ದುಪಟ್ಟಾದ ಮೇಲೆ, ಎಲ್ಲೆಲ್ಲೂ ಆ ಹತ್ತಿಯೇ.

ಮಾತಾಡಹೋದೆ. ತುಟಿಯ ಮೇಲೆ ಬೆರಳಿಟ್ಟರು.

"ಸುಮ್ನಿರು. ಅವ್ವ ಹಿಂಜಾಕ ಹತ್ಯಾಳ."

ಪಕ್ಕದ ಬೆಂಚಿನ ಮೇಲೆ ಕೂತೆ. ದೂರದ ರಸ್ತೆಯಲ್ಲಿ ಕಾರುಗಳ ಸದ್ದು... ಠುಂಯ್, ಠುಂಯ್ ಅಂತ ನನಗೂ ಕೇಳಿಸಿದ ಹಾಗಾಯಿತು. ಎಷ್ಟು ಹೊತ್ತು ಕೂತೆವೋ. ಅತ್ತೆ ಆ ಹತ್ತಿಯನ್ನು ಒಂದೊಂದೇ ಆರಿಸಿ ಮಡಿಲಲ್ಲಿ ಕೂಡಿಸಿದರು. ಮನೆಗೆ ಹೊರಟಾಗ, ಚೆಲ್ಲಬ್ಯಾಡ ಅಂದರು.

ಜನವರಿ 20

ನಾನೇ ಬರೆದುಬಿಟ್ಟೆ, ಮೂರು ಪುಟ. ಸನಾ ಇಂಗ್ಲಿಷಿಗೆ ತಿರುಗಿಸುತ್ತಾಳಂತೆ. ಚೆನ್ನಾಗಿ ಬಂದಿದೆ, ಸುಳ್ಳು ವಿನಯ ಯಾಕೆ. ಕೊನೆಯ ಸಾಲು: "ಹೀಗೆ ಒಬ್ಬ ಬಡ ಪಿಂಜಾರ ಹೆಣ್ಣಿನ ಧೈರ್ಯದಿಂದ ಒಂದು ಜೀವ ಉಳಿಯಿತು." ನಾಳೆ ಅತ್ತೆಗೆ ಓದಿ ಹೇಳಬೇಕು.

ಜನವರಿ 26

ಓದಬಾರದಿತ್ತು.

ಜನವರಿ 27, ಮಧ್ಯಾಹ್ನ

ಅತ್ತೆ ಮಲಗಿದ್ದಾರೆ. ಈಗ ಬರೆಯದಿದ್ದರೆ ಆಗುವುದಿಲ್ಲ.

21ರ ಬೆಳಿಗ್ಗೆ ಓದಿದೆ. ಕಣ್ಣು ಮುಚ್ಚಿ ಕೇಳಿದರು. ಕೊನೆಯ ಸಾಲಿಗೆ ಕಣ್ಣು ಬಿಟ್ಟರು. ಇಷ್ಟು ತಿಳಿಯಾದ ಕಣ್ಣು ನಾನು ಎರಡು ವರ್ಷದಿಂದ ನೋಡಿರಲಿಲ್ಲ.

"ಸುಳ್ಳು. ನಾನ ಕಟ್ಟಿದ ಸುಳ್ಳದು. ತಗಿ ಅದನ್ನ."

ಆಮೇಲೆ ಹೇಳಿದ್ದನ್ನು ಅವರ ಮಾತಲ್ಲೇ ಇಡುತ್ತೇನೆ. ನಾನು ಮುಟ್ಟುವುದಿಲ್ಲ.

"ಹೊಲಿಗಿ ಮುಗಿಯೂ ಮೊದ್ಲು ಮಾಸ್ತರ್ ಒಳಗಿಂದ ಅಂದ್ರು — ಹಾಜರಾ, ನಾ ಏಳು ಅನ್ನೂತನಕ ಏಳಬ್ಯಾಡ. ಜಾಣಿ ಅಲ್ಲ ನೀ? ಸಾಲ್ಯಾಗ ಅಂದಂಗ ಅಂದ್ರು. ಕುಂತ್ನಿ. ಸಿಪಾಯಿಗೋಳು ಬಂದ್ರು. ಡಬ್ಬಿ, ಮಡಕಿ, ಎಲ್ಲಾ ಕೆಡವಿದ್ರು. ಅವ್ವ ಬಿಲ್ಲ ಬಾರಸಾಕ ಹತ್ತಿದ್ಳು. ಹೊಡದು ಹೊಡದು ಬಿಲ್ಲಿನ ಹುರಿ ಫಟ್ ಅಂತ ಹರೀತು. ಮನಿ ತುಂಬ ಸಪ್ಪಳಿಲ್ಲ. ಹತ್ತಿ ಅಷ್ಟ ಹಾರತಿತ್ತು. ಈಗ ಕೆಮ್ಮತಾರ, ಈಗ ಕೆಮ್ಮತಾರ ಅಂತ ನಾ ಉಸುರು ಬಿಗಿ ಹಿಡದೇನಿ. ಕೆಮ್ಲಿಲ್ಲ. ಒಂದ್ ಸಲೇನೂ ಕೆಮ್ಲಿಲ್ಲ.

ಅವ್ರು ಹೋದ್ರು. ಅವ್ವ ಕತ್ರಿ ಹಿಡದ್ ಬಂದ್ಳು, ಏಳ ಹಾಜರಾ ಅಂದ್ಳು. ನಾ ಏಳ್ಲಿಲ್ಲ. ಮಾಸ್ತರ್ ಇನ್ನೂ ಹೇಳಿಲ್ಲ ಅಂದ್ನಿ. ಗಾದಿ ಗಟ್ಯಾಗಿ ಹಿಡಕೊಂಡ ಕುಂತ್ನಿ. ಅವ್ವ ಬಡದು ಕೆಳಗ ಎಳದ್ಳು. ಹೊಲಿಗಿ ಬಿಚ್ಚಿದ್ರ... ಬಾಯಿ ತುಂಬ ಹತ್ತಿ. ತಮ್ಮ ಕೈಯಿಂದ ತಾವ ತುರಕ್ಕೊಂಡಿದ್ರು. ಕೈ ಇನ್ನೂ ಬಾಯಿ ಮ್ಯಾಲಿತ್ತು."

ಹುಲ್ಲು, ಮರಗೆಣಸು ತಿಂದು ಊರೇ ಹಸಿದಿದ್ದ ಕಾಲ. ಚಾಂದಬಿ ಹಿತ್ತಿಲ ಮರಗೆಣಸಿನ ಮಡಿಯಲ್ಲೇ ಮಾಸ್ತರನ್ನು ಹೂತಳಂತೆ. ಯಾರಿಗೂ ಹೇಳಬೇಡ ಅಂದಳಂತೆ. ಮುಂದೆ ಹುಡುಗಿ ತಾನೇ ಕಥೆ ಕಟ್ಟಿಕೊಂಡಳು, ಮಾಸ್ತರು ಬದುಕಿದರು ಅಂತ. ಮಕ್ಕಳಿಗೆ ಅದನ್ನೇ ಹೇಳಿದಳು, ನಾವೆಲ್ಲ ನಂಬಿದೆವು. ಅದಕ್ಕೇ ಗಾದಿ ಮುಟ್ಟದೆ ಅವತ್ತಿನಿಂದ ಚಾಪೆ. ನಾನೊಬ್ಬಳು ದಡ್ಡಿ, ಜಿಪುಣತನ ಅಂದುಕೊಂಡಿದ್ದೆ.

ಅಷ್ಟು ಹೊತ್ತಿಗೇ ಅವರ ಜೀವ ಹೋಗಿತ್ತು ಅತ್ತಿ, ನೀವು ಎದ್ದಿದ್ರೂ ಅಷ್ಟ, ಬಿಟ್ಟಿದ್ರೂ ಅಷ್ಟ ಅಂದೆ. ಅವರು ಕೆಮ್ಮಿದ್ದರೆ ನಿಮ್ಮಿಬ್ಬರನ್ನೂ ಸಿಗಿದು ಹಾಕತಿದ್ರು, ನಿಮ್ಮನ್ನ ಉಳಸಾಕ ಅವರು ಹಂಗ ಮಾಡಿದ್ರು ಅಂದೆ. ಟೀಚರ್ ಅಲ್ಲವೇ, ವಿವರಿಸಿದ್ದೇ ವಿವರಿಸಿದ್ದು.

"ಹೌದವಾ" ಅಂದರು. ನನ್ನನ್ನು ಸಮಾಧಾನ ಮಾಡುವವರ ಹಾಗೆ.

ಜನವರಿ 30

ಅತ್ತೆ ಮತ್ತೆ ಮರೆವಿನ ಮಂಜಿನೊಳಗೆ. ನನ್ನನ್ನು ಅವ್ವ ಅಂತ ಕರೆದರು, ಎರಡು ಸಲ. ಓ ಅಂದೆ.

ಲೈಬ್ರರಿಯ ಫಾರ್ಮಿನಲ್ಲಿ ಒಂದೇ ಗೆರೆ — ಯಾರ ಧೈರ್ಯದ ಕಥೆ? ಚಾಂದಬಿ ಅಂತ ಬರೆದಿದ್ದೆ. ಅದರ ಮುಂದೆ ಇಕ್ಕಟ್ಟಿನಲ್ಲಿ ನರಸಿಂಹ ಮಾಸ್ತರು ಅಂತ ಸೇರಿಸಿದೆ. ಊರು ಯಾವುದು, ಮನೆಯವರು ಯಾರು, ಏನೂ ಗೊತ್ತಿಲ್ಲ. ಅವರು ಬರಲಿಲ್ಲವಲ್ಲ ಅಂತ ಎಲ್ಲಿ ಯಾರು ಎಷ್ಟು ವರ್ಷ ಕಾದರೋ.

ಕೊನೆಯ ಸಾಲು ಹೊಡೆದು ಹಾಕಿದೆ. ಅದರ ಜಾಗದಲ್ಲಿ ಅತ್ತೆಯ ಮಾತನ್ನೇ ಇಟ್ಟೆ. ಸನಾ ಓದಿದಳು. ಹನ್ನೊಂದು ವರ್ಷದ ಹುಡುಗಿ, ಬೇಡವೇನೋ ಅನಿಸಿತ್ತು. ಓದಿ ಮುಗಿಸಿ ಎದ್ದಳು. ಹೋಗಿ ಮುತ್ತಜ್ಜಿಯ ಚಾಪೆಯ ಪಕ್ಕ ಕಾರ್ಪೆಟ್ ಮೇಲೆ ಮಲಗಿದಳು, ಶೂ ಕೂಡ ಬಿಚ್ಚದೆ.

ಫೆಬ್ರವರಿ 1

ಆತಿಫ್‌ಗೆ ಹೇಳಿದೆ. ಬೆಕ್ಕಿಗೆ ಗಂಟೆ ಕಟ್ಟುವವರು ಇನ್ಯಾರು. ಪುಟಗಳನ್ನು ಮುಂದಿಟ್ಟು, "ಓದು. ಆಮ್ಯಾಲ ನಾಡಿದ್ದು ಶಬ್-ಎ-ಬರಾತಿಗೆ ಏನ್ ಮಾಡೂದಂತ ನೀನ ಹೇಳು" ಅಂದೆ.

ಓದಿ ಗರಾಜಿಗೆ ಹೋದ. ಕಾರು ತೊಳೆದ. ತೊಳೆದ ಕಾರನ್ನೇ ಇನ್ನೊಮ್ಮೆ ತೊಳೆದ.

ಫೆಬ್ರವರಿ 3, ಮಂಗಳವಾರ. ಸಂಜೆ ಏಳು

ಕೆಲಸದಿಂದ ಬೇಗ ಬಂದ ಆತಿಫ್. ಕೈಯಲ್ಲಿ ಚೀಲ. ಟೊಂಗಾ ದ್ವೀಪದವರ ಅಂಗಡಿಯಿಂದ ಮರಗೆಣಸು, ಫ್ರೋಜನ್.

"ಫಾತಿಹಾ ನಾ ಓದ್ಸೂದಿಲ್ಲವಾ. ಅದ್ರಾಗ ನನ್ ಮನಸ್ಸು ಬದಲಾಗಿಲ್ಲ. ಆದ್ರ ಹೆಸ್ರು ತಗದು ನೆನಸೂದಕ್ಕ ಯಾರ ಅಡ್ಡಿ? ಅಜ್ಜಿ ಹೆಸ್ರು ಹೇಳ್ಲಿ. ನಾ ಕುಂದರ್ತೀನಿ."

ಸಾಕು. ಇಷ್ಟಾದರೂ ಸಾಕು ಅಂದೆ ಮನಸ್ಸಿನಲ್ಲೇ.

ಉಪ್ಪು ಹಾಕದೆ ಬೇಯಿಸಿದೆ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಎಲ್ಲರೂ ನೆಲದ ಮೇಲೆ ಕೂತೆವು. ಕಿಟಕಿಯ ಬಿಸಿಲು ಅತ್ತೆಯ ಮಡಿಲಲ್ಲಿ. ತಟ್ಟೆಯಿಂದ ಹಬೆ ಏಳುತ್ತಿತ್ತು. ಆತಿಫ್ ಅಜ್ಜಿಯ ಪಕ್ಕಕ್ಕೆ ಸರಿದು, "ಹೆಸ್ರು ಹೇಳಜ್ಜಿ" ಅಂದ.

ಅತ್ತೆ ತಮ್ಮ ಗಂಡನ ಹೆಸರು ಮಾತ್ರ ಬಾಯಿಗೆ ತರಲಿಲ್ಲ, "ಇವರಪ್ಪ" ಅಂದರು. ಆಮೇಲೆ ನನ್ನ ಯಜಮಾನರು ಸನಾವುಲ್ಲಾ. ಅಪ್ಪ. ಅವ್ವ, ಚಾಂದಬಿ. ಒಂದೂ ತಪ್ಪಲಿಲ್ಲ. ಒಂದೊಂದು ಹೆಸರನ್ನೂ ಆತಿಫ್ ತಾನೂ ಹೇಳಿದ.

ಕೊನೆಯ ತಟ್ಟೆ. ಅತ್ತೆ ಅದನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು.

"ನರಸಿಂಹ ಮಾಸ್ತರ್."

"ನರಸಿಂಹ ಮಾಸ್ತರ್" ಅಂದ ಆತಿಫ್.

ಅತ್ತೆ ತಲೆ ಎತ್ತಿದರು. ಗಂಡು ದನಿ ಎಲ್ಲಿಂದ ಬಂತು ಅಂತ ಹುಡುಕಿದ ಹಾಗೆ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯಿಂದ ಕಾರ್ಪೆಟ್ ಗಟ್ಟಿಯಾಗಿ ಹಿಡಿದು, ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದರು —

"ಮಾಸ್ತರ್... ಈಗ ಏಳ್ಲೇನ್ರಿ?"

ಆತಿಫ್ ನನ್ನ ಮುಖ ನೋಡಿದ. ಮಾಸ್ತರ ಬದಲು ನೀನೇ ‘ಏಳು’ ಅಂದುಬಿಡು ಅಂತ ನಾನು ಅವನಿಗೆ ತಲೆ ಆಡಿಸಿದೆ.