ನನ್ನ ಚಿಗರಿಗೆ ಗಾಲಿಗಳಿಲ್ಲ

ಸಂಶೋಧನಾ ವಿಷಯಗಳಿಗೆ ಅನುಮತಿ ನೀಡುವ ವಿಶ್ವವಿದ್ಯಾಲಯದ ಮಾನ್ಯ ಅಧಿಕಾರಿಗಳೇ,

ನಾನು ಜಿಂಕೆಯ ಬಗ್ಗೆ ಕೊಟ್ಟ ಅರ್ಜಿಗೆ ತಾವು ಬಸ್ಸಿನ ಬಗ್ಗೆ ಉತ್ತರ ಕೊಟ್ಟಿದ್ದೀರಿ. ನಮ್ಮಿಬ್ಬರಲ್ಲಿ ಒಬ್ಬರು ಆ ಅರ್ಜಿಯನ್ನು ಓದಿಲ್ಲ. ಬರೆದವನು ನಾನಾದ್ದರಿಂದ ನಾನಂತೂ ಓದಿದ್ದೇನೆ.

ನಾನು ರೋಣದಲ್ಲಿ ಬಳೆ ಅಂಗಡಿ ಇಟ್ಟವನು. ಕನ್ನಡ ಶಾಲೆಯಲ್ಲಿ ಕಲಿತು, ಹೇಗೋ ಬಿ.ಎಸ್ಸಿ. ಮುಗಿಸಿ, ನಲವತ್ತೈದರಲ್ಲಿ ಪರಿಸರ ವಿಜ್ಞಾನ ಮತ್ತು ವನ್ಯಜೀವಿ ಸಂರಕ್ಷಣೆಯ ಎಂ.ಎಸ್ಸಿ.ಗೆ ಸೇರಿದೆ. ಮೊದಲ ದಿನ ತರಗತಿಯವರು ನನ್ನನ್ನು ಪ್ರಾಧ್ಯಾಪಕನೆಂದು ತಿಳಿದು ಎದ್ದು ನಿಂತರು. ಕೂಡ್ರಿ ಎಂದೆ. ಅದೊಂದೇ ಇದುವರೆಗಿನ ನನ್ನ ಉಪನ್ಯಾಸ.

ನನ್ನ ವಿಷಯ ‘ರೋಣ ತಾಲ್ಲೂಕಿನ ಎರೆ ಹೊಲಗಳಲ್ಲಿ ಚಿಗರಿ ಸಂಚಾರ’. ನಮ್ಮ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತೇವೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೆ ಆ ಹೆಸರು ಬಂದದ್ದು ಮೊನ್ನೆ ಮೊನ್ನೆ. ಪ್ರಾಣಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ತಮ್ಮ ಉತ್ತರವೋ, ‘ಸಾರಿಗೆ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಲಗತ್ತಿಸಿ.’ ಅರ್ಜಿಯ ಮೊದಲ ಸಾಲಿನಲ್ಲೇ ಲ್ಯಾಟಿನ್ ಹೆಸರಿದೆ. ಅದನ್ನು ಚಾಲಕರ ಹೆಸರೆಂದು ತಿಳಿದಿರೋ?

ಕಾಲಿದ್ದರೆ ಪ್ರಾಣಿ, ಗಾಲಿಯಿದ್ದರೆ ಬಸ್ಸು;
ಇಷ್ಟು ತಮಗೆ ತಿಳಿದಿದ್ದರೆ ನಾನೂ ಆಗುತ್ತಿದ್ದೆ ಪಾಸು.

ಆಮೇಲೆ ಸ್ಥಳ ಪರಿಶೀಲನೆ ಎಂದು ತಮ್ಮ ಗುಮಾಸ್ತರು ನಾನು ಅಧ್ಯಯನಕ್ಕೆ ಆರಿಸಿಕೊಂಡ ಹೊಲದ ಒಡತಿ, ಅಬ್ಬಿಗೇರಿಯ ಮಾನವ್ವನಿಗೆ ಫೋನ್ ಮಾಡಿದರು. ನಾನು ಬದುವಿನ ಮೇಲೆ ಪಕ್ಕದಲ್ಲೇ ಇದ್ದೆ. ಆಕೆಯ ಫೋನು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುತ್ತದೆ.

“ನಿಮ್ಮ ಕಡೆ ಚಿಗರಿ ಬರ್ತಾವೇನಮ್ಮಾ?”

“ದಿನಾ ಬರ್ತಾವ್ರಿ. ಮುಂಜಾನಿ ಹತ್ತು, ಸಂಜಿಮುಂದ ಇಪ್ಪತ್ತು.”

“ಎಲ್ಲಿ ನಿಲ್ತಾವು?”

“ಇಲ್ಲೇ, ನಮ್ಮ ಕಡ್ಲಿ ಹೊಲದಾಗ.”

“ಮಂದಿ ಹತ್ತತಾರೇನು?”

“ಏನ್ ಮಾತಂತ ಆಡ್ತೀರಿ ಸಾಹೇಬ್ರ. ಮಂದಿ ಕಂಡ್ರ ನಿಲ್ಲಂಗಿಲ್ಲ, ಓಡ್ತಾವ.”

ಗುಮಾಸ್ತರ ಟಿಪ್ಪಣಿ ನನ್ನ ಕಡತದಲ್ಲಿ ಹೀಗೆ ಕೂತಿದೆ: ‘ಚಾಲಕರು ಪ್ರಯಾಣಿಕರನ್ನು ಕಂಡರೂ ನಿಲ್ಲಿಸುತ್ತಿಲ್ಲ. ದೂರು ಗಂಭೀರ.’

ಫೋನ್ ಇಟ್ಟ ಮಾನವ್ವ ನನ್ನ ಕಡೆ ತಿರುಗಿದಳು. “ನಿಮ್ಮ ಸಾಲ್ಯಾಗ ಚಿಗರಿ ಮ್ಯಾಲೆ ಹತ್ತೂ ಮಂದಿ ಅದಾರೇನೋ ತಮ್ಮಾ? ಮೊದಲ ಅವರನ್ನ ನೋಡಿ ಬರಕೋ.”

ನಗುವಷ್ಟು ನಕ್ಕಾಯಿತು. ಅನುಮತಿಗೆ ಮುಂಚೆ ಮಾಡಿದ ಅಧ್ಯಯನ ಗಣನೆಗೆ ಬರುವುದಿಲ್ಲ ಎಂಬುದು ತಮ್ಮದೇ ನಿಯಮ. ಇನ್ನು ಇಪ್ಪತ್ತು ದಿನಕ್ಕೆ ಮಾನವ್ವ ಕಡಲೆ ಕೀಳುತ್ತಾಳೆ. ಬೋಳು ಹೊಲಕ್ಕೆ ಚಿಗರಿ ಯಾಕೆ ಬಂದೀತು? ನನ್ನ ವರ್ಷ ಅಲ್ಲಿಗೆ ಮುಗಿಯಿತು. ಅವು ಯಾವ ಹೊತ್ತಿಗೆ, ಯಾವ ಬದಿಯಿಂದ ಬಂದು ಎಷ್ಟು ಮೇಯುತ್ತವೆ ಎಂದು ತಿಳಿದರೆ ಬೆಳೆಯೂ ಉಳಿದೀತು, ಚಿಗರಿಯೂ ಉಳಿದೀತು ಎಂಬ ನಂಬಿಕೆಯಿಂದಲೇ ಆಕೆ ನನ್ನನ್ನು ಹೊಲಕ್ಕೆ ಬಿಟ್ಟುಕೊಂಡದ್ದು.

ಆದ್ದರಿಂದ ಸೋಮವಾರದೊಳಗೆ ಅನುಮತಿ ಕೊಡಿ. ಚಿಗರಿ ಎಂಬ ಮಾತನ್ನು ತಲೆಬರಹದಿಂದ ತೆಗೆಯಲು ಮಾತ್ರ ಹೇಳಬೇಡಿ, ತೆಗೆಯುವುದಿಲ್ಲ.

ಹೊಲದ ಒಂದು ಮೂಲೆಯನ್ನಾದರೂ ಕೀಳದೆ ಬಿಡವ್ವಾ ಎಂದು ಮಾನವ್ವನನ್ನು ಕೇಳಿಕೊಂಡೆ. “ನಿಮ್ಮ ಸಾಹೇಬ್ರು ಓದೂತನಕ ಬಿಡ್ಲ್ಯಾ? ಹಂಗಾದ್ರ ಮುಂದಿನ ವರ್ಷ ಬಿತ್ತೂದ ಬ್ಯಾಡ” ಎಂದಳು. ಆದರೂ ನಾಲ್ಕು ಸಾಲು ಬಿಡಲು ಒಪ್ಪಿದ್ದಾಳೆ.

ತಾವು ಒಂದು ಸಾಲು ಬರೆಯಿರಿ.

ಇಂತಿ,
ಪ್ರಾಸ ಬಿಡದ, ಪದವಿ ಸಿಗದ,
ದಿಲಾವರ, ರೋಣ