ಭರಣಿ ನನ್ನ ಕೈಗೆ ಬಂತು

೧೪-೪-೨೦೦೧, ಶನಿವಾರ

ಮೆಂತ್ಯ ಸೀದುಹೋಯಿತು. ಗೊತ್ತಿದ್ದೂ ಅದನ್ನೇ ಪುಡಿ ಮಾಡಿ ಉಪ್ಪಿನಕಾಯಿಗೆ ಹಾಕಿದೆ.

ಗರ್ಭಕೋಶ ತೆಗೆಸಿ ಮೂರು ತಿಂಗಳಾಯಿತು. ಬೆಳಿಗ್ಗೆ ಅತ್ತೆ ತಾವೇ ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಿಕೊಟ್ಟರು. "ನಿಂಗೆ ಇನ್ನೇನೈತೆ, ಮುಟ್ಟು ಗಿಟ್ಟು ಇಲ್ಲ. ಬೂಷ್ಟು ಹಿಡಿಯೋ ಭಯ ಇಲ್ಲ. ಇನ್ಮೇಲೆ ನೀನೇ ಹಾಕು" ಅಂದರು. ಹದಿನಾರು ವರ್ಷದಿಂದ ನನಗೆ ಆ ಭರಣಿ ಮುಟ್ಟಗೊಟ್ಟಿರಲಿಲ್ಲ. ಹಿಗ್ಗಬೇಕಿತ್ತು.

ಹೊಳಲ್ಕೆರೆ ಪೇಟೆಯ ಅಂಗಡಿಯಲ್ಲಿ ಸಾಸಿವೆಯನ್ನು ಉಗುರಿನಲ್ಲಿ ಒಡೆದು ನೋಡಿದೆ, ಇಂಗು ಮೂಸಿದೆ. "ಮೆಣಸಿನಕಾಯಿ ಯಾವ್ದು ಕೊಡ್ಲಿ? ಬಣ್ಣಕ್ಕೆ ಬ್ಯಾಡಗಿ ಐತೆ, ಖಾರಕ್ಕೆ ಗುಂಟೂರು ಐತೆ, ನೋಡ್ರಿ" ಅಂದ ಅಂಗಡಿಯವನು. ಯಾವುದಾದರೂ ಕೊಡಿ ಅಂದುಬಿಟ್ಟೆ. ಇಷ್ಟು ವರ್ಷ ಮನಸ್ಸಿನಲ್ಲೇ ಆರಿಸಿಟ್ಟುಕೊಂಡಿದ್ದೆನಲ್ಲ, ಒಂದೂ ನೆನಪಿಗೆ ಬರಲಿಲ್ಲ.

ಮಧ್ಯಾಹ್ನ ಮಾವಿನಕಾಯಿಗೆ ಮಸಾಲೆ ಕಲೆಸುವಾಗ ಮಗಳು ರಮ್ಯಾ ಒಂದು ಹೋಳು ತಿನ್ನಲು ಕೈ ಚಾಚಿದಳು. ನಿನ್ನೆ ಮುಟ್ಟಾಗಿದ್ದಾಳೆ.

"ಲೇ, ದೂರ ನಿಂತ್ಕಳೇ! ಭರಣಿ ಮುಟ್ಟಬ್ಯಾಡ!"

ಅತ್ತೆ ಒಳಗೆ ಮಲಗಿದ್ದರು. ಕೂಗಿದ್ದು ನಾನು.

ಅವಳು ಹಿತ್ತಲಿಗೆ ಹೋಗಿ, ಪ್ರತಿ ತಿಂಗಳು ನಾನು ಕೂರುತ್ತಿದ್ದ ಕಲ್ಲಿನ ಮೇಲೆಯೇ ಕುಳಿತಳು. ನಾನು ಕಲೆಸುತ್ತಲೇ ಇದ್ದೆ. ಉಪ್ಪು ಹಾಕಿದೆನೋ ಇಲ್ಲವೋ, ಈಗಲೂ ನೆನಪಿಲ್ಲ.